ಕಾಗೆ ಕೂರದ ಕೊಂಬೆ: ಊಟ, ವ್ಯಾಯಾಮಗಳನ್ನು ವಿಶ್ವವಿದ್ಯಾಲಯಗಳು ಪರೀಕ್ಷಿಸುವ ಬಗೆ

2017ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ‘ಡೈರೆಕ್ಟ್’ ಎಂಬ ಟ್ರಯಲ್‌ನ (ಚಿಕಿತ್ಸೆಯೊಂದು ನಿಜಕ್ಕೂ ಫಲಿಸುತ್ತದೆಯೇ ಎಂದು ಜನರ ಮೇಲೆ ನಡೆಸುವ ಪರೀಕ್ಷೆಯ) ಮೊದಲ ವರ್ಷದ ಫಲಿತಾಂಶ ಪ್ರಕಟವಾಯಿತು. ಟೈಪ್ 2 ಮಧುಮೇಹವಿದ್ದ 149 ಜನರಲ್ಲಿ 68 ಮಂದಿ, ಅಂದರೆ 46%, ಸೂಪು, ಶೇಕ್‌ಗಳ ಕಟ್ಟುನಿಟ್ಟಿನ ಡಯಟ್‌ನಿಂದ ತೂಕ ಇಳಿಸಿಕೊಂಡು ಶುಗರ್ ಮಾತ್ರೆಯಿಲ್ಲದೆಯೇ ಮಧುಮೇಹದ ಗೆರೆಯಿಂದ ಕೆಳಗೆ ಬಂದಿದ್ದರು. ಜಗತ್ತಿನಾದ್ಯಂತ ಸುದ್ದಿಯಾದದ್ದು ಈ 46. ಅದೇ ಲೇಖನದಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು: 4%. ಎಂದಿನ ಚಿಕಿತ್ಸೆಯಲ್ಲೇ ಮುಂದುವರಿದ ಬೇರೆ 149 ಜನರಲ್ಲಿ 6 ಮಂದಿ ಅದೇ ಸ್ಥಿತಿ ತಲುಪಿದ್ದರು. ಈ ಎರಡನೇ ಗುಂಪು ಇರದಿದ್ದರೆ ಮೊದಲ ಗುಂಪಿನ 68 ಜನರಿಗೆ ಆದದ್ದೇನು ಎಂದು ಹೇಳಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಜನ ಇಂಥ ಟ್ರಯಲ್‌ಗೆ ಸೇರುವುದು ಹೆಚ್ಚಾಗಿ ಶುಗರ್ ಏರಿ, ಡಾಕ್ಟರು ಗದರಿಸಿದ ಮೇಲೆ. ತೀರಾ ಮೇಲೆ ಹೋದದ್ದು ಮುಂದಿನ ಸಲ ಅಳೆದಾಗ ಸ್ವಲ್ಪ ಕೆಳಗಿರುವ ಸಂಭವವೇ ಜಾಸ್ತಿ. ಅದಕ್ಕೆ ಯಾವ ಡಯಟ್ಟೂ ಬೇಕಿಲ್ಲ. ತಿಂಗಳಿಗೊಮ್ಮೆ ತೂಕ ನೋಡುತ್ತಾರೆ ಎಂದು ಗೊತ್ತಾದರೆ ಸಾಕು, ತಟ್ಟೆಯಲ್ಲಿನ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಇದರ ನಡುವೆ ಡಾಕ್ಟರು ಮಾತ್ರೆ ಬದಲಿಸಿರಬಹುದು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಆ ಅನುಮಾನ ಬಗೆಹರಿಯಬೇಕಾದರೆ ಅಂಥದೇ ಇನ್ನೊಂದು ಕೊಂಬೆ ಬೇಕು, ಅದರ ಮೇಲೆ ಕಾಗೆ ಕೂತಿರಬಾರದು. ಟ್ರಯಲ್‌ನವರು ಕಂಟ್ರೋಲ್ ಗುಂಪು ಎನ್ನುವುದು ಆ ಕೊಂಬೆಯನ್ನೇ. ಮುಂದೆ ಹೇಳುವ ನಿಯಮಗಳೆಲ್ಲ ಎರಡು ಕೊಂಬೆಗಳೂ ಒಂದೇ ಥರ ಇರಲಿ, ಕೊನೆಯವರೆಗೂ ಹಾಗೇ ಉಳಿಯಲಿ ಎಂಬುದಕ್ಕಾಗಿಯೇ ಹುಟ್ಟಿದವು.

ಇದು ವಿಶ್ವವಿದ್ಯಾಲಯದ ಕೆಲಸವಾದದ್ದೇಕೆ

ಹೊಸ ಮಾತ್ರೆಯ ಪರೀಕ್ಷೆಗೆ ಕಂಪನಿ ಹಣ ಹಾಕುತ್ತದೆ, ಏಕೆಂದರೆ ಗೆದ್ದರೆ ಮಾತ್ರೆ ಮಾರಬಹುದು. ನಡಿಗೆಗೆ, ಸೊಪ್ಪು-ಬೇಳೆಗೆ, ಕಡಿಮೆ ತಿನ್ನುವುದಕ್ಕೆ ಪೇಟೆಂಟ್ ಇಲ್ಲ. ಹಾಗಾಗಿ ಆ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳುವವರು ವಿಶ್ವವಿದ್ಯಾಲಯದವರು. ಹಣ ಬರುವುದು ಸರ್ಕಾರದಿಂದ ಅಥವಾ ದತ್ತಿ ಸಂಸ್ಥೆಗಳಿಂದ. ಡೈರೆಕ್ಟ್ ಟ್ರಯಲ್ ಅನ್ನು ನಡೆಸಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಮೈಕ್ ಲೀನ್ ಮತ್ತು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಅವರ ತಂಡಗಳು. ಹಣ ಕೊಟ್ಟದ್ದು ಡಯಾಬಿಟಿಸ್ ಯುಕೆ ಎಂಬ ದತ್ತಿ ಸಂಸ್ಥೆ. ಡಯಟ್‌ನ ಸೂಪು, ಶೇಕ್‌ಗಳ ಪೊಟ್ಟಣ ಒದಗಿಸಿದ್ದು ಮಾತ್ರ ಅವನ್ನು ತಯಾರಿಸುವ ಕಂಪನಿ. ಇಂಥ ಟ್ರಯಲ್‌ನ ಲೇಖನ ಓದುವಾಗ ಹಣ ಯಾರದು, ಸಾಮಗ್ರಿ ಯಾರದು, ಲೆಕ್ಕ ಮಾಡಿದವರು ಯಾರು ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಪ್ರಶ್ನೆ ಹುಟ್ಟಿದ್ದು ಒಂದು ಚಿಕ್ಕ ಅಧ್ಯಯನದಿಂದ. 2011ರಲ್ಲಿ ನ್ಯೂಕ್ಯಾಸಲ್‌ನವರು ಮಧುಮೇಹವಿದ್ದ ಕೇವಲ 11 ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿಯ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ ಮಾಮೂಲಿಗೆ ಬಂತು. ಸ್ಕ್ಯಾನ್‌ನಲ್ಲಿ ಯಕೃತ್ತಿನ ಕೊಬ್ಬು ಬೇಗನೆ ಕರಗಿದ್ದೂ, ಮೇದೋಜೀರಕ ಗ್ರಂಥಿಯ ಕೊಬ್ಬು ನಿಧಾನವಾಗಿ ಇಳಿದದ್ದೂ ಕಂಡಿತು. 11 ಜನರ ಅಧ್ಯಯನ ‘ಹೀಗೂ ಆಗಬಹುದು’ ಎನ್ನುತ್ತದೆ, ಅಷ್ಟೇ. ನಮ್ಮೂರಿನ ಕ್ಲಿನಿಕ್‌ನಲ್ಲಿ, ಮನೆಯಿಂದ ಬಂದು ಹೋಗುವ ಜನರಲ್ಲಿ, ಒಂದು ವರ್ಷ ಕಳೆದ ಮೇಲೂ ಹೀಗೆ ಇರುತ್ತದೆಯೇ ಎಂಬುದನ್ನು ತಿಳಿಯಲು ದೊಡ್ಡ ಟ್ರಯಲ್ ಬೇಕಾಯಿತು.

ಯಾರಿಗೆ ಬಾಗಿಲು ತೆರೆದಿತ್ತು

ಡೈರೆಕ್ಟ್ ಸೇರಲು ವಯಸ್ಸು 20ರಿಂದ 65. ಮಧುಮೇಹ ಗೊತ್ತಾಗಿ ಆರು ವರ್ಷದೊಳಗಿರಬೇಕು. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಹೇಳುವ ಅಳತೆ) 27ರಿಂದ 45ರೊಳಗೆ. ಇನ್ಸುಲಿನ್ ತೆಗೆದುಕೊಳ್ಳುತ್ತಿರಬಾರದು. ಇತ್ತೀಚೆಗೆ ಹೃದಯಾಘಾತ ಆದವರು, ಮೂತ್ರಪಿಂಡ ತೀರಾ ದುರ್ಬಲವಾದವರು, ಗರ್ಭಿಣಿಯರು, ಈಗಾಗಲೇ ತೂಕ ಇಳಿಸಿಕೊಳ್ಳುತ್ತಿರುವವರು ಹೊರಗೆ.

ಈ ಷರತ್ತುಗಳಲ್ಲಿ ಕೆಲವು ಜನರ ರಕ್ಷಣೆಗೆ, ಕೆಲವು ಪ್ರಶ್ನೆಯ ರಕ್ಷಣೆಗೆ. ಮೂತ್ರಪಿಂಡದ ಷರತ್ತು ಮೊದಲ ಬಗೆಯದು. ಆರು ವರ್ಷದ್ದು ಎರಡನೆಯದು: ಮಧುಮೇಹ ಹಳೆಯದಾದಷ್ಟೂ ಇನ್ಸುಲಿನ್ ಸುರಿಸುವ ಜೀವಕೋಶಗಳು ಸೋಲುತ್ತ ಹೋಗುತ್ತವೆ, ತೂಕ ಇಳಿದರೂ ಅವು ಮತ್ತೆ ಏಳುವ ಸಾಧ್ಯತೆ ಕಡಿಮೆ. ಓದುಗರಿಗೆ ಇದರ ಅರ್ಥ ಸ್ಪಷ್ಟ. ಹದಿನೈದು ವರ್ಷದಿಂದ ಮಧುಮೇಹ ಇರುವವರಿಗೆ, ಇನ್ಸುಲಿನ್ ಮೇಲಿರುವವರಿಗೆ 46% ಎಂಬ ಸಂಖ್ಯೆ ಅನ್ವಯಿಸುವುದಿಲ್ಲ. ಅಂಥವರು ಆ ಟ್ರಯಲ್‌ನಲ್ಲಿ ಇರಲೇ ಇಲ್ಲ. ಯಾವುದೇ ಟ್ರಯಲ್‌ನ ಸುದ್ದಿ ಓದಿದಾಗ ಫಲಿತಾಂಶಕ್ಕಿಂತ ಮೊದಲು ಈ ಪಟ್ಟಿಯನ್ನು ಹುಡುಕಿ, ಅದರಲ್ಲಿ ನಿಮಗೆ ಜಾಗವಿದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಚೀಟಿ ಎತ್ತುವುದು

ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ಕೇಳಲು ಸರಳ. ಆದರೆ ಟ್ರಯಲ್‌ಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಮುಂದಿನ ಚೀಟಿ ಯಾವುದೆಂದು ಜನರನ್ನು ಸೇರಿಸಿಕೊಳ್ಳುವ ಡಾಕ್ಟರಿಗೆ ಗೊತ್ತಿರಬಾರದು. ಗೊತ್ತಿದ್ದರೆ, ‘ಇವರು ಹುಮ್ಮಸ್ಸಿನವರು, ಡಯಟ್ ಪಾಲಿಸುತ್ತಾರೆ, ನಾಳೆ ಬರಲಿ’ ಎಂದು ಮನಸ್ಸು ಹೇಳುತ್ತದೆ, ಅದರಲ್ಲಿ ಮೋಸದ ಉದ್ದೇಶ ಇರಬೇಕೆಂದೇನೂ ಇಲ್ಲ. ಸೋಮವಾರ ಬಂದವರು ಒಂದು ಗುಂಪು, ಮಂಗಳವಾರ ಬಂದವರು ಇನ್ನೊಂದು ಗುಂಪು ಎಂಬ ಪದ್ಧತಿಯನ್ನು ಒಪ್ಪದಿರುವುದು ಇದೇ ಕಾರಣಕ್ಕೆ. ಚೀಟಿಯ ಹೆಚ್ಚುಗಾರಿಕೆ ಏನೆಂದರೆ, ನಮಗೆ ಗೊತ್ತಿರುವ ವಯಸ್ಸು, ತೂಕಗಳ ಜೊತೆಗೆ ನಾವು ಅಳೆಯದ ಸಂಗತಿಗಳನ್ನೂ, ಅಂದರೆ ಛಲ, ಮನೆಯವರ ಬೆಂಬಲ, ನಿದ್ದೆ, ಇವನ್ನೆಲ್ಲ ಅದು ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚುತ್ತದೆ.

ಡೈರೆಕ್ಟ್‌ನಲ್ಲಿ ಚೀಟಿ ಎತ್ತಿದ್ದು ವ್ಯಕ್ತಿಗಳಿಗಲ್ಲ, ಕ್ಲಿನಿಕ್‌ಗಳಿಗೆ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್ ಭಾಗದ 49 ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ 23ಕ್ಕೆ ಡಯಟ್ ಕಾರ್ಯಕ್ರಮ, 26ಕ್ಕೆ ಎಂದಿನ ಚಿಕಿತ್ಸೆ. ಒಂದು ಕ್ಲಿನಿಕ್‌ನ ನರ್ಸಿಗೆ ಹೊಸ ಪದ್ಧತಿ ಕಲಿಸಿದ ಮೇಲೆ, ಅದೇ ಕೋಣೆಗೆ ಬರುವ ಕಂಟ್ರೋಲ್ ಗುಂಪಿನವರ ಹತ್ತಿರ ಆಕೆ ಏನೂ ತಿಳಿಯದವಳಂತೆ ಇರಲಾಗದು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೂ ಮಾತಾಡಿಕೊಳ್ಳುತ್ತಾರೆ. ಸಲಹೆ ಸೋರಿಹೋಗಿ ಎರಡು ಗುಂಪುಗಳ ನಡುವಿನ ಅಂತರ ಅಳಿಸಿಹೋಗುತ್ತದೆ. ಇಡೀ ಕ್ಲಿನಿಕ್ಕನ್ನೇ ಒಂದು ಗುಂಪಿಗೆ ಹಾಕಿದರೆ ಈ ತೊಂದರೆ ತಪ್ಪುತ್ತದೆ. ಬದಲಿಗೆ ಬೇರೊಂದು ಬೆಲೆ ಕೊಡಬೇಕು: ಒಂದೇ ಕ್ಲಿನಿಕ್‌ನ ಜನ ಒಬ್ಬರನ್ನೊಬ್ಬರು ಹೋಲುವುದರಿಂದ, ಹತ್ತು ಜನ ಹತ್ತು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ. ಆದ್ದರಿಂದ ಹೆಚ್ಚು ಜನ ಬೇಕು, ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಮಾಡಬೇಕು.

ಚೀಟಿಯ ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್‌ನ ಪ್ರೆಡಿಮೆಡ್ ಟ್ರಯಲ್ ನೋಡಬೇಕು. ಬಾರ್ಸಿಲೋನಾ, ನವಾರಾ ಮೊದಲಾದ ವಿಶ್ವವಿದ್ಯಾಲಯಗಳ ಸಂಶೋಧಕರು 7,447 ಜನರನ್ನು ಮೂರು ಗುಂಪು ಮಾಡಿದರು. ಮೆಡಿಟರೇನಿಯನ್ ಊಟದ ಜೊತೆ ಒಂದು ಗುಂಪಿಗೆ ವಾರಕ್ಕೆ ಸುಮಾರು ಒಂದು ಲೀಟರ್ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ವಾಲ್‌ನಟ್, ಬಾದಾಮಿ, ಹೇಜಲ್‌ನಟ್‌ಗಳ ಮಿಶ್ರಣ. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ. 2013ರಲ್ಲಿ ಬಂದ ಫಲಿತಾಂಶ: ಮೊದಲ ಎರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಸುಮಾರು 30% ಕಡಿಮೆ. 2017ರಲ್ಲಿ ಬ್ರಿಟನ್ನಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ಸಾವಿರಾರು ಟ್ರಯಲ್‌ಗಳ ಆರಂಭದ ಅಂಕಿಗಳನ್ನು ಜರಡಿ ಹಿಡಿದರು. ನಿಜವಾಗಿ ಚೀಟಿ ಎತ್ತಿದ್ದರೆ ಇರಬೇಕಾದ ಹಂಚಿಕೆಗೆ ಪ್ರೆಡಿಮೆಡ್‌ನ ಅಂಕಿಗಳು ಹೊಂದಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಒಂದೇ ಮನೆಯ ಎರಡನೆಯವರು ಸೇರಿದಾಗ ಚೀಟಿ ಎತ್ತದೆ ಮೊದಲಿನವರ ಗುಂಪಿಗೇ ಹಾಕಿದ್ದರು. ಗಂಡನಿಗೊಂದು ಅಡುಗೆ, ಹೆಂಡತಿಗೊಂದು ಅಡುಗೆ ಆಗದು ಎಂಬುದು ಅರ್ಥವಾಗುವ ಮಾತೇ. 11 ಕೇಂದ್ರಗಳಲ್ಲಿ ಒಂದರಲ್ಲಿ ಸಂಶೋಧಕರು ಇಡೀ ಕ್ಲಿನಿಕ್‌ಗೆ ಒಂದೇ ಗುಂಪು ಕೊಟ್ಟುಬಿಟ್ಟಿದ್ದರು. ತಪ್ಪು ಇದ್ದದ್ದು, ಹಾಗೆ ಮಾಡಿದ್ದನ್ನು ಲೇಖನದಲ್ಲಿ ಹೇಳದೆ, ಎಲ್ಲರಿಗೂ ಚೀಟಿ ಎತ್ತಿದಂತೆ ಲೆಕ್ಕ ಹಾಕಿದ್ದರಲ್ಲಿ. 2018ರ ಜೂನ್‌ನಲ್ಲಿ ಲೇಖನವನ್ನು ಹಿಂತೆಗೆದುಕೊಂಡು, ಲೆಕ್ಕ ತಿದ್ದಿ, ಮತ್ತೆ ಪ್ರಕಟಿಸಿದರು. ಅನುಮಾನವಿದ್ದ 1,588 ಜನರನ್ನು ಬಿಟ್ಟು ನೋಡಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿತ್ತು. ಆದರೂ ‘ಈ ಊಟದಿಂದಲೇ ಹೀಗಾಯಿತು’ ಎಂಬ ಗಟ್ಟಿ ಮಾತನ್ನು ಲೇಖಕರು ಮೆದುಗೊಳಿಸಬೇಕಾಯಿತು. ತಪ್ಪನ್ನು ಬೆಳಕಿಗೆ ತಂದು ತಿದ್ದಿಕೊಂಡ ಈ ಪ್ರಸಂಗ ವಿಜ್ಞಾನಕ್ಕೆ ಅವಮಾನವಲ್ಲ, ಗೌರವ.

ಡಯಟ್ ಗುಂಪಿನವರು ಮಾಡಿದ್ದೇನು

ಡೈರೆಕ್ಟ್‌ನಲ್ಲಿ ಮೊದಲ ದಿನವೇ ಶುಗರ್ ಮಾತ್ರೆ ಮತ್ತು ಬಿಪಿ ಮಾತ್ರೆ ನಿಲ್ಲಿಸಿದರು. ಇದನ್ನು ಒತ್ತಿ ಹೇಳಬೇಕು: ನಿಲ್ಲಿಸಿದ್ದು ವೈದ್ಯರ ಕಣ್ಗಾವಲಿನಲ್ಲಿ, ಏರಿದರೆ ಯಾವ ಮಟ್ಟದಲ್ಲಿ ಯಾವ ಮಾತ್ರೆ ಮತ್ತೆ ಶುರು ಎಂಬ ಲಿಖಿತ ನಿಯಮದೊಂದಿಗೆ. ಊಟ ಅರ್ಧಕ್ಕಿಂತ ಕಡಿಮೆಯಾದಾಗ ಹಳೆಯ ಪ್ರಮಾಣದ ಮಾತ್ರೆ ಮುಂದುವರಿಸಿದರೆ ಶುಗರ್ ಅಪಾಯಕಾರಿಯಾಗಿ ಕುಸಿಯಬಹುದು, ಬಿಪಿ ಇಳಿದು ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಇತ್ತ ಮಾತ್ರೆಯನ್ನು ಸುಮ್ಮನೆ ಬಿಟ್ಟರೆ ಶುಗರ್ ಏರುತ್ತದೆ. ಮನೆಯಲ್ಲಿ ಓದಿಕೊಂಡು ಮಾಡುವ ಪ್ರಯೋಗ ಇದಲ್ಲ.

ನಂತರ 12 ವಾರ, ಬೇಕಾದವರಿಗೆ 20 ವಾರದವರೆಗೆ, ಮಾಮೂಲಿ ಊಟ ಪೂರ್ತಿ ಬಂದ್. ಬದಲಿಗೆ ದಿನಕ್ಕೆ 825ರಿಂದ 853 ಕಿಲೋಕ್ಯಾಲೊರಿ ಕೊಡುವ ಸೂಪು, ಶೇಕ್‌ಗಳು. ಜೊತೆಗೆ ಎರಡೂ ಕಾಲು ಲೀಟರ್ ನೀರಿನಂಶ, ಮಲಬದ್ಧತೆ ತಡೆಯಲು ನಾರಿನ ಪುಡಿ. ಪೊಟ್ಟಣದ ಆಹಾರದಲ್ಲಿ ವಿಶೇಷ ಮಾಂತ್ರಿಕ ಗುಣವೇನೂ ಇಲ್ಲ. ‘ಏನು ತಿನ್ನಲಿ, ಎಷ್ಟು ತಿನ್ನಲಿ’ ಎಂಬ ದಿನವಹಿ ತೀರ್ಮಾನದಿಂದ ಬಿಡುಗಡೆ ಸಿಗುತ್ತದೆ, ವಿಟಮಿನ್, ಖನಿಜಾಂಶಗಳು ತಪ್ಪದೆ ಸಿಗುತ್ತವೆ, ಟ್ರಯಲ್‌ಗೆ ಎಲ್ಲರೂ ಒಂದೇ ಅಳತೆ ತಿಂದಂತಾಗುತ್ತದೆ. ಆಮೇಲೆ ಎರಡರಿಂದ ಎಂಟು ವಾರ ಒಂದೊಂದೇ ಹೊತ್ತಿನ ಊಟ ಮರಳಿತು. ನಡಿಗೆಗೆ ಹೆಜ್ಜೆ ಎಣಿಸುವ ಯಂತ್ರ, ತಿಂಗಳಿಗೊಂದು ಭೇಟಿ. ತೂಕ 2 ಕಿಲೋಗಿಂತ ಹೆಚ್ಚು ಮರಳಿದರೆ ಕೆಲವು ಊಟಕ್ಕೆ ಮತ್ತೆ ಪೊಟ್ಟಣ, 4 ಕಿಲೋ ಮೀರಿದರೆ ಪೂರ್ತಿ ಪೊಟ್ಟಣಕ್ಕೆ ವಾಪಸ್. ಇಳಿದ ತೂಕ ಮರಳುವುದು ಸಹಜ ಎಂದು ಮೊದಲೇ ಒಪ್ಪಿಕೊಂಡು ಅದಕ್ಕೊಂದು ವ್ಯವಸ್ಥೆ ಮಾಡಿಟ್ಟದ್ದು ಈ ಯೋಜನೆಯ ಬುದ್ಧಿವಂತಿಕೆ. ಮಲಬದ್ಧತೆ, ಚಳಿ ತಡೆಯಲಾಗದಿರುವುದು, ತಲೆನೋವು, ತಲೆಸುತ್ತು ಹಲವರಿಗೆ ಬಂತು. ಒಬ್ಬರಿಗೆ ಕಾಣಿಸಿಕೊಂಡ ಪಿತ್ತಕೋಶದ ನೋವಿಗೆ ಡಯಟ್ ಕಾರಣವಿರಬಹುದೆಂದು ದಾಖಲಿಸಿದರು. ತೂಕ ವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಗೊತ್ತಿರುವ ಸಂಗತಿ.

ಗೆಲುವು ಎಂದರೇನು: ಮೊದಲೇ ಬರೆದಿಡಬೇಕು

ಮಾತ್ರೆಯ ಟ್ರಯಲ್‌ನಲ್ಲಿ ಕಂಟ್ರೋಲ್ ಗುಂಪಿಗೆ ಹಾಗೇ ಕಾಣುವ, ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು ಯಾರು ಏನು ನುಂಗಿದರು ಎಂಬುದನ್ನು ಮರೆಮಾಚಬಹುದು. ಸೂಪು ಕುಡಿಯುವವರಿಗೆ ತಾವು ಸೂಪು ಕುಡಿಯುತ್ತಿದ್ದೇವೆಂದು ಗೊತ್ತು. ಯೋಗ ಮಾಡುವವರಿಗೂ ಹಾಗೆಯೇ. ಹಾಗಾಗಿ ‘ನಿಮಗೆ ಈಗ ಹೇಗನ್ನಿಸುತ್ತಿದೆ?’ ಎಂಬ ಪ್ರಶ್ನೆಯ ಉತ್ತರದಲ್ಲಿ ನಿರೀಕ್ಷೆಯ ಪಾಲೂ ಬೆರೆತಿರುತ್ತದೆ. ಈ ದೌರ್ಬಲ್ಯಕ್ಕೆ ಮದ್ದು, ಅನಿಸಿಕೆಯನ್ನು ನಂಬದೆ ರಕ್ತವನ್ನು ಕೇಳುವುದು. ಡೈರೆಕ್ಟ್ ಕೇಳಿದ್ದು ಎಚ್‌ಬಿಎ1ಸಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ರಕ್ತದ ಸಕ್ಕರೆ ಅದಕ್ಕೆ ಅಂಟುತ್ತದೆ. ಹೀಗಾಗಿ ಈ ಪರೀಕ್ಷೆ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಇದನ್ನು ಮೋಸಗೊಳಿಸಲಾಗದು. (ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮಲ್ಲಿ ಒಂದು ಎಚ್ಚರ ಬೇಕು: ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.)

ಗೆಲುವಿನ ವ್ಯಾಖ್ಯೆ ಎರಡೇ ಇದ್ದವು: 12 ತಿಂಗಳಲ್ಲಿ 15 ಕಿಲೋ ಅಥವಾ ಹೆಚ್ಚು ತೂಕ ಇಳಿಕೆ; ಮತ್ತು ಕನಿಷ್ಠ ಎರಡು ತಿಂಗಳು ಯಾವ ಶುಗರ್ ಮಾತ್ರೆಯೂ ಇಲ್ಲದೆ ಎಚ್‌ಬಿಎ1ಸಿ 6.5%ಗಿಂತ ಕೆಳಗೆ, ಇದಕ್ಕೆ ರೆಮಿಷನ್ ಎಂದು ಹೆಸರು. ಎರಡನ್ನೂ ಟ್ರಯಲ್ ಶುರುವಾಗುವ ಮೊದಲೇ ಬರೆದಿಟ್ಟಿದ್ದರು. ಯಾಕೆ ಇಷ್ಟು ಕಟ್ಟುನಿಟ್ಟು? ಏನೂ ಪರಿಣಾಮವಿಲ್ಲದ ಒಂದು ಚಿಕಿತ್ಸೆಯನ್ನು ಇಪ್ಪತ್ತು ಬೇರೆ ಬೇರೆ ಅಳತೆಗಳಲ್ಲಿ ನೋಡಿದಿರಿ ಎನ್ನೋಣ. ಪ್ರತಿಯೊಂದರಲ್ಲೂ ಅದೃಷ್ಟವಶಾತ್ ‘ಗೆದ್ದಂತೆ’ ಕಾಣುವ ಸಾಧ್ಯತೆ 5%. ಇಪ್ಪತ್ತರಲ್ಲಿ ಕನಿಷ್ಠ ಒಂದರಲ್ಲಾದರೂ ಹಾಗೆ ಕಾಣುವ ಸಾಧ್ಯತೆ ಸುಮಾರು 64%. ಬಾಣ ಬಿಟ್ಟ ಮೇಲೆ ಅದು ನೆಟ್ಟಲ್ಲಿ ಗುರಿ ಬರೆಯಲು ಬಿಟ್ಟರೆ ಎಲ್ಲರೂ ಅರ್ಜುನರೇ.

ನಡುವೆ ಬಿಟ್ಟು ಹೋದವರು

ನೂರು ಜನರ ಡಯಟ್ ಗುಂಪಿನಲ್ಲಿ 40 ಜನ ಕಷ್ಟವಾಗಿ ಬಿಟ್ಟುಹೋದರು, ಉಳಿದ 60ರಲ್ಲಿ 30 ಜನರಿಗೆ ಗುಣ ಕಂಡಿತು ಎಂದಿಟ್ಟುಕೊಳ್ಳಿ. ಯಶಸ್ಸು ಎಷ್ಟು? 60ರಲ್ಲಿ 30 ಎಂದರೆ 50%. 100ರಲ್ಲಿ 30 ಎಂದರೆ 30%. ಜಾಹೀರಾತಿನವರು ಮೊದಲನೆಯದನ್ನು ಹೇಳುತ್ತಾರೆ. ಒಳ್ಳೆಯ ಟ್ರಯಲ್ ಹೇಳಬೇಕಾದದ್ದು ಎರಡನೆಯದನ್ನು. ಬಿಟ್ಟುಹೋದವರು ಸುಮ್ಮನೆ ಹೋದವರಲ್ಲ. ಯಾರಿಗೆ ಒಗ್ಗಲಿಲ್ಲವೋ ಅವರೇ ಹೆಚ್ಚಾಗಿ ಹೋಗುತ್ತಾರೆ. ಅವರನ್ನು ಲೆಕ್ಕದಿಂದ ತೆಗೆದರೆ ಚೀಟಿ ಎತ್ತಿ ಗಳಿಸಿದ ಸಮತೋಲನ ಹೋಗಿ, ಒಂದು ಕಡೆ ಛಲಗಾರರು, ಇನ್ನೊಂದು ಕಡೆ ಎಲ್ಲ ಬಗೆಯವರು ಉಳಿಯುತ್ತಾರೆ. ಆದ್ದರಿಂದ ನಿಯಮ: ಚೀಟಿ ಯಾವ ಗುಂಪಿಗೆ ಬಂತೋ ಕೊನೆಯ ಲೆಕ್ಕದಲ್ಲೂ ಅದೇ ಗುಂಪು, ಡಯಟ್ ಮಾಡಿರಲಿ ಬಿಡಲಿ. ಡೈರೆಕ್ಟ್‌ನವರು ಮಾಹಿತಿ ಸಿಗದವರನ್ನು ರೆಮಿಷನ್ ಆಗದವರೆಂದೇ ಎಣಿಸಿದರು. ಆ 46% ಅಷ್ಟು ಕಠಿಣ ಲೆಕ್ಕದ ನಂತರ ಉಳಿದದ್ದು.

ಅಂಕಿಗಳ ಒಳಗೆ

ತೂಕ ಇಳಿದಷ್ಟೂ ರೆಮಿಷನ್ ಹೆಚ್ಚಿತು. ತೂಕ ಏರಿದವರಲ್ಲಿ ಒಬ್ಬರಿಗೂ ಇಲ್ಲ. 5 ಕಿಲೋವರೆಗೆ ಇಳಿದವರಲ್ಲಿ 7%. 5ರಿಂದ 10 ಕಿಲೋ ಇಳಿದವರಲ್ಲಿ 34%. 10ರಿಂದ 15 ಇಳಿದವರಲ್ಲಿ 57%. 15 ಕಿಲೋ ದಾಟಿದವರಲ್ಲಿ 86%. ಈ ಏಣಿ ಬಹಳ ಜನಪ್ರಿಯ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಾರು ಡಯಟ್ ಗುಂಪಿಗೆ ಎಂಬುದನ್ನು ಚೀಟಿ ನಿರ್ಧರಿಸಿತ್ತು. ಯಾರು 15 ಕಿಲೋ ಇಳಿಸುತ್ತಾರೆ ಎಂಬುದನ್ನು ಚೀಟಿ ನಿರ್ಧರಿಸಲಿಲ್ಲ. ಅಷ್ಟು ಇಳಿಸಿದವರು ಮೊದಲಿನಿಂದಲೂ ಬೇರೆ ರೀತಿಯಲ್ಲಿ ಅನುಕೂಲವಂತರಾಗಿದ್ದಿರಬಹುದು. 46 ಮತ್ತು 4ರ ಹೋಲಿಕೆಗೆ ಇರುವ ಗಟ್ಟಿತನ ಈ ಏಣಿಗೆ ಇಲ್ಲ, ಒಂದೇ ಲೇಖನದಲ್ಲಿ ಬಂದಿದ್ದರೂ.

ಎರಡನೇ ವರ್ಷಕ್ಕೆ ರೆಮಿಷನ್ 36%ಗೆ ಇಳಿಯಿತು, ಕಂಟ್ರೋಲ್‌ನಲ್ಲಿ 3%. ಮುಂದೆ ಹಗುರ ಬೆಂಬಲದೊಂದಿಗೆ ಐದು ವರ್ಷದವರೆಗೆ ಹಿಂಬಾಲಿಸಿದ 85 ಜನರಲ್ಲಿ ಎರಡನೇ ವರ್ಷದ ಕೊನೆಗೆ 48 ಮಂದಿ ರೆಮಿಷನ್‌ನಲ್ಲಿದ್ದರು, ಐದನೇ ವರ್ಷಕ್ಕೆ 11 ಮಂದಿ. ತೂಕ ಮರಳಿತು, ಅದರ ಹಿಂದೆಯೇ ಶುಗರ್ ಕೂಡ. ‘ಮಧುಮೇಹ ಗುಣವಾಗುತ್ತದೆ’ ಎಂದು ಮೊದಲ ವರ್ಷದ ಸಂಖ್ಯೆಯನ್ನು ಮಾತ್ರ ತೋರಿಸುವವರನ್ನು ಐದನೇ ವರ್ಷದ್ದು ಎಲ್ಲಿ ಎಂದು ಕೇಳಬೇಕು. ಹಾಗೆಂದು ಮಾತ್ರೆಯಿಲ್ಲದೆ ಕಳೆದ ವರ್ಷಗಳು ವ್ಯರ್ಥ ಎನ್ನಲಾಗದು.

ಶೇಕಡಾವಾರು ಕೇಳಿದಾಗ ‘ಯಾವುದರ ಶೇಕಡಾ?’ ಎಂಬ ಪ್ರಶ್ನೆ ಸದಾ ಇರಲಿ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅನ್ನೇ ತೆಗೆದುಕೊಳ್ಳಿ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನ. ಮೂರು ವರ್ಷದಲ್ಲಿ ಕಂಟ್ರೋಲ್ ಗುಂಪಿನ 55.0% ಜನರಿಗೆ ಮಧುಮೇಹ ಬಂತು, ಊಟ-ನಡಿಗೆ ತಿದ್ದಿಕೊಂಡ ಗುಂಪಿನಲ್ಲಿ 39.3% ಜನರಿಗೆ. ‘ಅಪಾಯ 28.5% ಇಳಿಯಿತು’ ಎಂದೂ ಹೇಳಬಹುದು, ‘ನೂರಕ್ಕೆ ಸುಮಾರು 16 ಜನ ಪಾರಾದರು’ ಎಂದೂ ಹೇಳಬಹುದು, ಎರಡೂ ನಿಜ. ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು ಮೂರನೆಯದು: ಒಬ್ಬರನ್ನು ಪಾರುಮಾಡಲು ಆರೇಳು ಜನ ಮೂರು ವರ್ಷ ಶ್ರಮಪಡಬೇಕು. 100ನ್ನು ಆ ವ್ಯತ್ಯಾಸದಿಂದ, ಅಂದರೆ 15.7ರಿಂದ, ಭಾಗಿಸಿದರೆ 6.4 ಬರುತ್ತದೆ. ಯಾವ ಟ್ರಯಲ್‌ಗೆ ಬೇಕಾದರೂ ಇದನ್ನು ನೀವೇ ಲೆಕ್ಕ ಹಾಕಬಹುದು.

ಅದೇ ಟ್ರಯಲ್ ಇನ್ನೊಂದು ಪಾಠವನ್ನೂ ಕೊಟ್ಟಿತು. ಅಮೆರಿಕದಲ್ಲಿ ಇಂಥದೇ ಟ್ರಯಲ್‌ನ ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು 850 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಟ್ಟಿದ್ದರು. ಚೆನ್ನೈನವರು 500ರಿಂದ ಶುರುಮಾಡಿದರೂ ಕೆಲವರಲ್ಲಿ ಶುಗರ್ ಅತಿಯಾಗಿ ಇಳಿದ ಲಕ್ಷಣ ಕಂಡು, 250ಕ್ಕೆ ಇಳಿಸಿದರು. ಬೇರೆ ದೇಶದ ಟ್ರಯಲ್‌ನ ಅಳತೆಯನ್ನು ಹಾಗೇ ಎತ್ತಿ ತರಲಾಗದು. ಡೈರೆಕ್ಟ್‌ನಲ್ಲಿದ್ದವರು ಬಹುಪಾಲು ಬಿಳಿಯರು. ಬಿಎಂಐ 27ಕ್ಕಿಂತ ಕೆಳಗಿದ್ದೂ ಮಧುಮೇಹ ಬರುವ ನಮ್ಮಂಥವರು ಅದರಲ್ಲಿ ಇರಲಿಲ್ಲ. ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯ ಮತ್ತು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ಚೆನ್ನೈನಲ್ಲಿ ನಮ್ಮವರೇ ಆದ, ಮಧುಮೇಹದ ಹೊಸ್ತಿಲಲ್ಲಿದ್ದ 578 ಜನರ ಮೇಲೆ ಡಿ-ಕ್ಲಿಪ್ ಎಂಬ ಟ್ರಯಲ್ ನಡೆಸಿದ್ದವು. ಮೂರು ವರ್ಷದಲ್ಲಿ ಮಧುಮೇಹ ಬಂದದ್ದು ಕಂಟ್ರೋಲ್‌ನಲ್ಲಿ 34.9%, ಜೀವನಶೈಲಿ ಗುಂಪಿನಲ್ಲಿ 25.7%. ಆದರೆ ಜೀವನಶೈಲಿ ಗುಂಪಿನ 72% ಜನರಿಗೆ ಊಟ-ವ್ಯಾಯಾಮದ ಜೊತೆ ಮೆಟ್‌ಫಾರ್ಮಿನ್ ಕೂಡ ಬೇಕಾಯಿತು.

‘ಸಾಬೀತಾಗಲಿಲ್ಲ’ ಎಂದರೆ

ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಮತ್ತು ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಸೇರಿ ನಡೆಸಿದ ಯೋಗ-ಕೇರ್ ಟ್ರಯಲ್ ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರನ್ನು ಸೇರಿಸಿಕೊಂಡಿತ್ತು. ಒಂದು ಗುಂಪಿಗೆ ಮೂರು ತಿಂಗಳಲ್ಲಿ 13 ಯೋಗ ತರಗತಿ, ಆಮೇಲೆ ಮನೆಯಲ್ಲಿ ಅಭ್ಯಾಸ. ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಸಾವು ಮುಂತಾದವು ಯೋಗದ ಗುಂಪಿನಲ್ಲಿ 6.7%, ಇನ್ನೊಂದರಲ್ಲಿ 7.4%. ಕಡಿಮೆಯೇ ಅಲ್ಲವೇ? ಅಪಾಯದ ಅನುಪಾತ 0.90 (1 ಎಂದರೆ ಎರಡೂ ಗುಂಪು ಸಮ), ಆದರೆ ನಿಜ ಸಂಖ್ಯೆ ಇರಬಹುದಾದ ವ್ಯಾಪ್ತಿ 0.71ರಿಂದ 1.15. ಬಿಡಿಸಿ ಹೇಳಿದರೆ: ಈ ಅಂಕಿಗಳು 29% ಲಾಭಕ್ಕೂ ಹೊಂದುತ್ತವೆ, 15% ನಷ್ಟಕ್ಕೂ ಹೊಂದುತ್ತವೆ. ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಜನರಿಗೆ ತೊಂದರೆ ಮರುಕಳಿಸಿದ್ದರಿಂದ ತೀರ್ಪು ಕೊಡುವಷ್ಟು ಘಟನೆಗಳೇ ಸಿಗಲಿಲ್ಲ. ಟ್ರಯಲ್‌ನ ಬಲ ಬರುವುದು ಸೇರಿದವರ ಸಂಖ್ಯೆಯಿಂದಲ್ಲ, ನಡೆದ ಘಟನೆಗಳಿಂದ. 7,447 ಜನರ ಪ್ರೆಡಿಮೆಡ್‌ನ ಇಡೀ ತೀರ್ಮಾನ ನಿಂತದ್ದು ಸುಮಾರು ಐದು ವರ್ಷದಲ್ಲಿ ನಡೆದ 288 ಘಟನೆಗಳ ಮೇಲೆ. ಯೋಗ-ಕೇರ್‌ನಲ್ಲಿ ಜನ ತಮ್ಮ ಆರೋಗ್ಯದ ಬಗ್ಗೆ ತಾವೇ ಕೊಟ್ಟ ಅಂಕ ಯೋಗದ ಗುಂಪಿನಲ್ಲಿ ತುಸು ಉತ್ತಮವಾಗಿತ್ತು. ಯೋಗದಿಂದ ಹೃದಯಾಘಾತ ತಪ್ಪುತ್ತದೆ ಎಂದೂ, ಯೋಗ ನಿರುಪಯೋಗಿ ಎಂದೂ ಹೇಳಲು ಈ ಟ್ರಯಲ್ ಆಧಾರ ಕೊಡುವುದಿಲ್ಲ.

ನಿಮ್ಮನ್ನು ಸೇರಲು ಕರೆದರೆ

ಮೊದಲು ಸಿಟಿಆರ್‌ಐ ಸಂಖ್ಯೆ ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ, ಟ್ರಯಲ್‌ಗಳ ಈ ರಾಷ್ಟ್ರೀಯ ನೋಂದಣಿ 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿ ಸೇರುವ ಮುನ್ನವೇ ನೋಂದಾಯಿಸಬೇಕು. ಯಾರು ಬೇಕಾದರೂ ಅದರ ವೆಬ್‌ಸೈಟ್‌ನಲ್ಲಿ ಹುಡುಕಬಹುದು. ನೋಂದಣಿಯ ದಿನಾಂಕ, ಮೊದಲ ವ್ಯಕ್ತಿ ಸೇರಿದ ದಿನಾಂಕ, ಮುಖ್ಯ ಫಲಿತಾಂಶ ಯಾವುದು, ಅದನ್ನು ಎಷ್ಟನೇ ತಿಂಗಳಲ್ಲಿ ಅಳೆಯುತ್ತಾರೆ, ಹಣ ಯಾರದು: ಈ ಐದನ್ನು ನೋಡಿದರೆ ಟ್ರಯಲ್‌ನ ಗುಣ ಬಹುಮಟ್ಟಿಗೆ ತಿಳಿಯುತ್ತದೆ.

ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರಲೇಬೇಕು. 2019ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ ಏಳು ಸದಸ್ಯರಿದ್ದು, ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು, ಕಾನೂನು ಬಲ್ಲವರು, ಮಹಿಳೆ ಇರಬೇಕು. ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಬೇಕೆಂದು ಕೇಳಲು ಹಿಂಜರಿಯಬೇಡಿ. ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಸಹಿ ಹಾಕಿದ ಪತ್ರದ ಪ್ರತಿ ನಿಮ್ಮ ಕೈಗೆ ಬರಬೇಕು. ಅಲ್ಲೇ ಸಹಿ ಮಾಡಬೇಕೆಂದಿಲ್ಲ. ಮನೆಗೆ ಒಯ್ದು ಓದಿ, ನಿಮ್ಮ ಡಾಕ್ಟರಿಗೆ ತೋರಿಸಿ ಬನ್ನಿ.

ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ಈಗಿನ ನನ್ನ ಮಾತ್ರೆಗಳನ್ನು ಯಾರು ತಿದ್ದುತ್ತಾರೆ? ರಾತ್ರಿ ತಲೆ ಸುತ್ತಿದರೆ ಯಾವ ನಂಬರಿಗೆ ಫೋನ್ ಮಾಡಬೇಕು? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ಎಷ್ಟು ಸಲ ಬರಬೇಕು, ಬಸ್ ಖರ್ಚು ಕೊಡುತ್ತಾರೆಯೇ? ಎಷ್ಟು ರಕ್ತ ತೆಗೆಯುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ? ಟ್ರಯಲ್ ಮುಗಿದ ಮೇಲೆ ಫಲಿತಾಂಶ ನನಗೆ ತಿಳಿಸುತ್ತಾರೆಯೇ? ಕಂಟ್ರೋಲ್ ಗುಂಪಿಗೆ ಬಂದರೆ ಕೊನೆಯಲ್ಲಿ ಡಯಟ್ ಕಾರ್ಯಕ್ರಮ ನನಗೂ ಸಿಗುತ್ತದೆಯೇ?

ಕಂಟ್ರೋಲ್ ಚೀಟಿ ಬಂದರೆ ಬೇಸರವಾಗುವುದು ಸಹಜ. ಆಗ ಬೇರೆ ಕಡೆ ಗುಟ್ಟಾಗಿ ಅದೇ ಡಯಟ್ ಶುರುಮಾಡುವವರಿದ್ದಾರೆ. ಮಾಡಿದರೆ ಮುಚ್ಚಿಡದೆ ಹೇಳಿಬಿಡಿ, ಬರೆದುಕೊಳ್ಳುತ್ತಾರೆ, ಬೈಯುವುದಿಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆ ಟ್ರಯಲ್ ಬಿಡುವ ಹಕ್ಕು ನಿಮ್ಮದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಆದರೆ ಡಯಟ್ ಬಿಡುವುದೂ ಟ್ರಯಲ್ ಬಿಡುವುದೂ ಒಂದೇ ಅಲ್ಲ. ಸೂಪು ಮೂರನೇ ವಾರಕ್ಕೇ ಸಾಕಾಯಿತೇ? ಬಿಡಿ. 12ನೇ ತಿಂಗಳು ಫೋನ್ ಬಂದಾಗ ಮಾತ್ರ ರಕ್ತ ಕೊಡಲು ಹೋಗಿ ಬನ್ನಿ. ಮುಗಿಸಿದವರ ರಕ್ತ ಹೇಗೂ ಸಿಗುತ್ತದೆ, ಲೆಕ್ಕದಲ್ಲಿ ಕೊರತೆಯಾಗುವುದು ನಿಮ್ಮದು.